ಪಡಸಾಲೆಯೊಳಗಿನ ಎಂಟು ನೋಟಗಳು

ಹೂಕೋಸಿನ ದಾಯಾದಿಯಾದ ಬ್ರೊಕೊಲಿ ಎಂಬ ಹಸಿರು ತರಕಾರಿ ನಮ್ಮ ಮಾರುಕಟ್ಟೆಗೆ ಬಂದು ಬಹಳ ಕಾಲವಾಗಿಲ್ಲ. ಅದರ ರುಚಿಯ ವಿಷಯದಲ್ಲಿ ನನಗೆ ಇನ್ನೂ ಸಂಶಯಗಳಿವೆ. ಆದರೆ ಅದು ನೋಡುವುದಕ್ಕೆ ಮರದಂತಿದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಾರದು. ಜಪಾನಿನ ತನಕ ತತ್ಸುಯ ಎಂಬ ಛಾಯಾಚಿತ್ರಕಾರರು ಇಂಥ ಹೋಲಿಕೆಗಳ ಎಳೆ ಹಿಡಿದು ಹೊರಟು ಒಂದು ಲೋಕವನ್ನೇ ಕಟ್ಟಿದ್ದಾರೆ. 1981ರಲ್ಲಿ ಕುಮಮೊಟೊದಲ್ಲಿ ಹುಟ್ಟಿದ ಇವರು 2011ರ ಏಪ್ರಿಲ್ 20ರಂದು ಆರಂಭಿಸಿ ದಿನಕ್ಕೊಂದು ಚಿತ್ರವನ್ನು ಲೋಕದ ಮುಂದೆ ಇಡುತ್ತ ಬಂದಿದ್ದಾರೆ. ಆಟದ ರೈಲುಗಳ ನಿಲ್ದಾಣದಲ್ಲಿ ನಿಲ್ಲಿಸಲೆಂದು ತಯಾರಾಗುವ ಪುಟ್ಟ ಗೊಂಬೆಗಳುಂಟು; ಆಳಿನ ಎತ್ತರ ಎರಡು ಸೆಂಟಿಮೀಟರು, ಅಂದರೆ ಬೆರಳಿನ ಒಂದು ಗೆಣ್ಣಿನಷ್ಟು. ಇಂಥ ಗೊಂಬೆಗಳನ್ನು ಅವರು ಅಡಿಗೆಮನೆಯ, ಕಚೇರಿ ಮೇಜಿನ, ಬಚ್ಚಲುಮನೆಯ ಸಾಮಾನುಗಳ ನಡುವೆ ನಿಲ್ಲಿಸುತ್ತಾರೆ. ಒಡನೆ ಬ್ರೊಕೊಲಿ ಮರವಾಗುತ್ತದೆ. ಉದ್ದನೆಯ ಬ್ರೆಡ್ಡು ಜಪಾನಿನ ಪ್ರಸಿದ್ಧ ವೇಗದ ರೈಲಾಗುತ್ತದೆ. ಆ ರೈಲಿನ ಹೆಸರು ಶಿನ್‌ಕಾನ್‌ಸೆನ್. ಜಪಾನೀ ಭಾಷೆಯಲ್ಲಿ ಬ್ರೆಡ್ಡಿಗೆ ಪಾನ್ ಎನ್ನುತ್ತಾರೆ. ಆದ್ದರಿಂದ ತನಕರು ತಮ್ಮ ರೈಲಿಗೆ ಇಟ್ಟ ಹೆಸರು ಶಿನ್‌ಪಾನ್‌ಸೆನ್. ನಮ್ಮ ಶ್ಲೇಷಪ್ರಿಯ ಪಂಡಿತರು ಇದನ್ನು ಕೇಳಿದ್ದರೆ ನಶ್ಯದ ಡಬ್ಬಿಯನ್ನು ಬದಿಗಿಟ್ಟು ತಲೆದೂಗುತ್ತಿದ್ದರು.

ಈ ಚಿತ್ರಗಳನ್ನು ನನಗೆ ತೋರಿಸಿದವಳು ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ. ಅಲಂಕಾರದ ಪಾಠ ಮುಗಿದ ಮೇಲೆ ಫೋನನ್ನು ಮುಂದೆ ಹಿಡಿದು, “ಸಾರ್, ಇದು ಯಾವ ಅಲಂಕಾರ?” ಎಂದು ಕೇಳಿದಳು. ಪ್ರಶ್ನೆ ತಮಾಷೆಯದೋ ನಿಜವಾದದ್ದೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿಗಳೊಬ್ಬರು ಮಾತ್ರ, “ಅಲಂಕಾರವೂ ಇಲ್ಲ, ಏನೂ ಇಲ್ಲ. ಬರಿಯ ಮಕ್ಕಳಾಟ” ಎಂದು ತೀರ್ಪು ಕೊಟ್ಟುಬಿಟ್ಟರು. ಆ ತೀರ್ಪನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಈ ಮಕ್ಕಳಾಟದ ವಂಶಾವಳಿಯನ್ನು ಹುಡುಕುತ್ತ ಹೋದರೆ ಅದು ಒಂಬೈನೂರು ವರ್ಷಗಳಿಗೂ ಹಿಂದಕ್ಕೆ, ಚೀನದ ಒಂದು ನದೀತೀರಕ್ಕೆ ಹೋಗಿ ಮುಟ್ಟುತ್ತದೆ.

ಚೀನದ ಹುನಾನ್ ಪ್ರಾಂತದಲ್ಲಿ ಶಿಯಾವೊ ಮತ್ತು ಶಿಯಾಂಗ್ ಎಂಬ ಎರಡು ನದಿಗಳು ಕೂಡುತ್ತವೆ. ಕೂಡಿದ ನೀರು ಉತ್ತರಕ್ಕೆ ಹರಿದು ದುಂಗ್‌ಟಿಂಗ್ ಎಂಬ ಮಹಾಸರೋವರವನ್ನು ಸೇರುತ್ತದೆ. ಮಂಜು, ಮಳೆ, ಮರಳದಿಣ್ಣೆಗಳ ನಾಡು. ಚೆಲುವಿಗೆ ಎಷ್ಟು ಹೆಸರೋ ದುಃಖಕ್ಕೂ ಅಷ್ಟೇ ಹೆಸರು. ರಾಜನ ಅವಕೃಪೆಗೆ ಪಾತ್ರನಾಗಿ ಗಡೀಪಾರಾದ ಕವಿ ಚು ಯುವಾನ್ ಅಲೆದದ್ದು ಈ ಸೀಮೆಯಲ್ಲಿ, ನೀರಿಗೆ ಬಿದ್ದು ಪ್ರಾಣ ಬಿಟ್ಟದ್ದು ಇಲ್ಲಿಯದೇ ಇನ್ನೊಂದು ನದಿಯಲ್ಲಿ ಎಂದು ಚೀನೀಯರ ನಂಬಿಕೆ. ಹನ್ನೊಂದನೆಯ ಶತಮಾನದಲ್ಲಿ ಸುಂಗ್ ದಿ ಎಂಬ ಅಧಿಕಾರಿ ಈ ಪ್ರದೇಶದ ಎಂಟು ನೋಟಗಳನ್ನು ಚಿತ್ರಿಸಿದ. ಮಲೆಯೂರಿನ ಮೇಲೆ ತಿಳಿಯಾಗುವ ಮಂಜು. ದೂರದ ದಡದಿಂದ ಹಿಂದಿರುಗುವ ಹಾಯಿಗಳು. ಬೆಸ್ತರ ಹಳ್ಳಿಯ ಸಂಜೆಬಿಸಿಲು. ಮಂಜು ಮುಸುಕಿದ ಗುಡಿಯ ಸಂಜೆಗಂಟೆ. ಶಿಯಾವೊ-ಶಿಯಾಂಗಿನ ಇರುಳ ಮಳೆ. ಮರಳದಿಣ್ಣೆಗೆ ಇಳಿಯುವ ಕಾಡುಬಾತುಗಳು. ದುಂಗ್‌ಟಿಂಗ್ ಸರೋವರದ ಶರತ್ಕಾಲದ ಚಂದ್ರ. ನದಿಯ ಮೇಲೆ ಸಂಜೆಯ ಹಿಮ. ಹೆಸರುಗಳನ್ನು ಓದಿದರೆ ಸಾಕು, ಚಿತ್ರವೇ ಬೇಡವೆನಿಸುತ್ತದೆ. ಮುಂದೆ ಈ ಎಂಟು ಹೆಸರುಗಳು ನಮ್ಮ ಅಷ್ಟಾದಶವರ್ಣನೆಗಳ ಹಾಗೆ ಒಂದು ಕವಿಸಮಯವೇ ಆಗಿಹೋದವು.

ಈ ಎಂಟು ನೋಟಗಳು ಝೆನ್ ಸನ್ಯಾಸಿಗಳ ಕೈಯಲ್ಲಿ ಜಪಾನಿಗೆ ಬಂದವು. ಅಲ್ಲಿ ಅವನ್ನು ಬರೆದವರೂ ಸಂಗ್ರಹಿಸಿದವರೂ ಬಹುಮಟ್ಟಿಗೆ ಆ ನದಿಗಳನ್ನು ಕಂಡವರಲ್ಲ. ನೋಡದ ನಾಡಿನ ಹಂಬಲಕ್ಕೆ ಜಪಾನೀಯರು ಕಂಡುಕೊಂಡ ಮೊದಲ ಪರಿಹಾರ, ತಮ್ಮ ಊರಿನಲ್ಲೇ ಅದನ್ನು ಕಾಣುವುದು. ಕ್ಯೋಟೊ ನಗರದ ಹತ್ತಿರದ ಬಿವ ಸರೋವರದ ಸುತ್ತ ಎಂಟು ಸ್ಥಳಗಳನ್ನು ಗುರುತಿಸಿ, ಇಲ್ಲಿಯ ಈ ದೇವಾಲಯದ ಗಂಟೆಯೇ ಆ ಗಂಟೆ, ಈ ಬೆಟ್ಟದ ಮೇಲಿನ ಹಿಮವೇ ಆ ಹಿಮ ಎಂದುಕೊಂಡರು. ನಮ್ಮವರು ಊರ ಹೊಳೆಯನ್ನು ಗಂಗೆಯೆಂದು, ಊರ ಮುಂದಿನ ಗುಡ್ಡವನ್ನು ಕೈಲಾಸವೆಂದು ಕರೆದುಕೊಂಡ ಹಾಗೆ. ಇಲ್ಲಿಯವರೆಗೆ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಆಶ್ಚರ್ಯ ನಡೆದದ್ದು 1766ರ ಸುಮಾರಿಗೆ, ಇಂದಿನ ಟೋಕಿಯೊ ಆಗಿರುವ ಎದೊ ನಗರದಲ್ಲಿ. ಹಲವು ಅಚ್ಚುಗಳಿಂದ ಬಹುವರ್ಣದಲ್ಲಿ ಚಿತ್ರ ಮುದ್ರಿಸುವ ಕಲೆ ಆಗಷ್ಟೇ, 1765ರ ಪಂಚಾಂಗಚಿತ್ರಗಳ ಹುಚ್ಚಿನಲ್ಲಿ, ಕೈಗೂಡಿತ್ತು. ಆ ಕಲೆಯ ಮೊದಲ ದೊಡ್ಡ ಹೆಸರು ಸುಜುಕಿ ಹರುನೊಬು. ಅವನ ಕೈಯಿಂದ ‘ಜಾಶಿಕಿ ಹಕ್ಕೆಯಿ’ ಎಂಬ ಎಂಟು ಚಿತ್ರಗಳ ಒಂದು ಕಟ್ಟು ಹೊರಬಂತು. ಹೆಸರಿನ ಅರ್ಥ ‘ಪಡಸಾಲೆಯ ಎಂಟು ನೋಟಗಳು’. ಹುನಾನಿನ ನದಿಯನ್ನು ಬಿವ ಸರೋವರಕ್ಕೆ ತಂದದ್ದು ಸಾಲದೆ ಈಗ ಅದನ್ನು ಮನೆಯೊಳಕ್ಕೇ ತಂದುಬಿಟ್ಟರು.

ತಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದುಂಗ್‌ಟಿಂಗಿನ ಶರತ್ಕಾಲದ ಚಂದ್ರ ಎಲ್ಲಿ? ಹೆಣ್ಣೊಬ್ಬಳು ತಲೆ ಬಾಚಿಸಿಕೊಳ್ಳುತ್ತ ಕುಳಿತಿದ್ದಾಳೆ; ಅವಳ ಮುಂದಿನ ನಿಲುವಿನ ಮೇಲಿರುವ ದುಂಡು ಕನ್ನಡಿಯೇ ಚಂದ್ರ. ಮರಳದಿಣ್ಣೆಗೆ ಓರೆಯಾಗಿ ಸಾಲುಗಟ್ಟಿ ಇಳಿಯುವ ಬಾತುಗಳು ಎಲ್ಲಿ? ಕೊತೊ ಎಂಬ ತಂತಿವಾದ್ಯದ ಮೇಲೆ ತಂತಿಗಳನ್ನು ಎತ್ತಿ ಹಿಡಿಯಲು ಓರೆಯಾಗಿ ಸಾಲಾಗಿ ಇಟ್ಟ ಪುಟ್ಟ ಕುದುರೆಗಳೇ ಬಾತುಗಳು. ದೂರದ ದಡದಿಂದ ಮರಳುವ ಹಾಯಿ ಜಗುಲಿಯ ಗೂಟದ ಮೇಲೆ ಗಾಳಿಗೆ ಉಬ್ಬಿದ ಕೈವಸ್ತ್ರ. ಬೆಸ್ತರ ಹಳ್ಳಿಯ ಸಂಜೆಬಿಸಿಲು ಕಾಗದದ ದೀಪದ ಹೊಂಬಣ್ಣ. ಗುಡಿಯ ಗಂಟೆ ಗಡಿಯಾರದ ಹೊಡೆತ. ಸಂಜೆಯ ಹಿಮ ಕರಿಯ ಅರಗಿನ ಪಾತ್ರೆಯ ಮೇಲೆ ಎಳೆದು ಹರಡಿದ ರೇಷ್ಮೆಯ ಅರಳೆ. ತಿಳಿಯಾಗುವ ಮಂಜಿನ ಗಾಳಿಗೆ ಬೀಸಣಿಗೆ. ಇನ್ನು ಉಳಿದದ್ದು ಇರುಳ ಮಳೆ. ಎಂಟರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಚಹದ ನೀರು ಒಲೆಯ ಮೇಲಿದೆ. ಅದನ್ನು ನೋಡಿಕೊಳ್ಳಬೇಕಾದವಳು ತೂಕಡಿಸುತ್ತಿದ್ದಾಳೆ, ತುಂಟ ಮಗುವೊಂದು ಅವಳ ಕೂದಲಿಗೆ ಕೈಯಿಟ್ಟಿದೆ. ಮಳೆ ಎಲ್ಲೂ ಕಾಣಿಸುವುದಿಲ್ಲ. ಪಾತ್ರೆಯ ನೀರು ಕುದಿಯುವ ಸದ್ದೇ ಇರುಳ ಮಳೆ! ಚಿತ್ರದಲ್ಲಿ ಸದ್ದನ್ನು ಬರೆಯಲಾಗುವುದಿಲ್ಲ. ಬರೆಯದೆಯೇ ಅವನು ಕೇಳಿಸಿದ.

ಹರುನೊಬುವಿನದು ಚಿತ್ರ, ತನಕರದು ಸಾಮಾನುಗಳನ್ನು ಜೋಡಿಸಿ ತೆಗೆದ ಛಾಯಾಚಿತ್ರ. ಎರಡೂ ಒಂದೇ ಅಲ್ಲವೆಂದು ಯಾರಾದರೂ ಹೇಳಬಹುದು, ನಿಜ. ಆದರೆ ನೋಟದ ವಿದ್ಯೆ ಒಂದೇ. ಆ ವಿದ್ಯೆಗೆ ಜಪಾನೀಯರ ಹೆಸರು ‘ಮಿತತೆ’. ಒಂದನ್ನು ನೋಡಿ ಇನ್ನೊಂದಾಗಿ ನಿಲ್ಲಿಸುವುದು ಎಂದು ಅದರ ಅರ್ಥವನ್ನು ಬಿಡಿಸಬಹುದು. ಹರುನೊಬುವಿನ ಇಂಥ ಚಿತ್ರಗಳನ್ನು ವಿಮರ್ಶಕರು ಈ ಹೆಸರಿನಿಂದಲೇ ಕರೆಯುತ್ತಾರೆ. ತನಕರೂ ತಮ್ಮ ಪ್ರದರ್ಶನಗಳ ಹೆಸರಿನಲ್ಲಿ ಇದೇ ಮಾತನ್ನು ಇಟ್ಟುಕೊಂಡಿದ್ದಾರೆ. ಬಿಳಿಯ ಮರಳನ್ನು ಗೀರಿ ನೀರೆಂದೂ ನಡುವೆ ಕಲ್ಲುಗಳನ್ನಿಟ್ಟು ಬೆಟ್ಟವೆಂದೂ ನೋಡುವ ಕ್ಯೋಟೊದ ಒಣ ತೋಟಗಳೂ ಈ ಜಾತಿಗೇ ಸೇರಿದವು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಮುಖಚಂದ್ರ ಎಂದಾಗ ಮುಖದ ಮೇಲೆ ಚಂದ್ರನನ್ನು ಆರೋಪಿಸುತ್ತೇವೆ, ಅದು ರೂಪಕ. ಮುಖವನ್ನೇ ಚಂದ್ರನೆಂದು ನಿಜವಾಗಿ ತಿಳಿದು ಚಕೋರ ಹಾರಿಬಂದರೆ ಅದು ಭ್ರಾಂತಿ. ಕವಿರಾಜಮಾರ್ಗದ ಕಾಲದಿಂದ ನಾವು ರೂಪಕವನ್ನು ಚರ್ಚಿಸುತ್ತ ಬಂದಿದ್ದೇವೆ; ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದು ಕೊಂಡಾಡುತ್ತೇವೆ. ಆದರೆ ರೂಪಕದ ಸುಖ ಎಲ್ಲಿದೆ ಎಂಬುದನ್ನು ಈ ಜಪಾನೀ ಆಟ ತೋರಿಸುವಷ್ಟು ಸ್ಪಷ್ಟವಾಗಿ ನನ್ನ ಪಾಠಗಳು ತೋರಿಸಿಲ್ಲವೆಂದು ಹೇಳಬೇಕು. ತನಕರ ಚಿತ್ರದಲ್ಲಿ ಬ್ರೊಕೊಲಿ ಬ್ರೊಕೊಲಿಯಾಗಿಯೇ ಕಾಣುತ್ತಿರುತ್ತದೆ. ಅದಕ್ಕೆ ಬಣ್ಣ ಬಳಿದು, ಕೊರೆದು, ತಿದ್ದಿ, ನಿಜವಾದ ಮರವೇ ಎನ್ನಿಸಿಬಿಟ್ಟರೆ ನಾವು ಒಂದು ಮರವನ್ನು ನೋಡಿದ ಹಾಗಾಗುತ್ತದೆ, ಅಷ್ಟೆ. ಕನ್ನಡಿ ಕನ್ನಡಿಯಾಗಿ ಇದ್ದುಕೊಂಡೇ ಚಂದ್ರನಾಗಬೇಕು. ಕಣ್ಣು ಎರಡರ ನಡುವೆ ಹೋಗಿ ಬರುತ್ತಿರಬೇಕು.

ಡಯೊರಾಮ ಎಂಬ ಮಾತನ್ನು ಇಂಥ ಪುಟ್ಟ ಲೋಕಗಳಿಗೆ ಈಗ ಎಲ್ಲರೂ ಬಳಸುತ್ತಾರೆ. ಆ ಮಾತು ಹುಟ್ಟಿದ್ದು ಮಾತ್ರ ಇದಕ್ಕೆ ತೀರ ವಿರುದ್ಧವಾದ ಕಲೆಗಾಗಿ. 1822ರಲ್ಲಿ ಪ್ಯಾರಿಸಿನಲ್ಲಿ ದಗೇರ್ ಮತ್ತು ಬೂತೋ ಎಂಬ ಚಿತ್ರಕಾರರು ಆ ಹೆಸರಿನ ಒಂದು ಮಂದಿರವನ್ನು ತೆರೆದರು. ಗೋಡೆಯಷ್ಟು ದೊಡ್ಡ ತೆಳುಬಟ್ಟೆಯ ಮೇಲೆ ಚಿತ್ರ. ಹಿಂದಿನಿಂದ ಮುಂದಿನಿಂದ ಬೆಳಕನ್ನು ಬದಲಿಸುತ್ತ ಹಗಲನ್ನು ಇರುಳಾಗಿಸುವುದು. ಕತ್ತಲಲ್ಲಿ ಕುಳಿತ ಪ್ರೇಕ್ಷಕರು ನಿಜವಾದ ಕಣಿವೆಯನ್ನೇ, ನಿಜವಾದ ಇಗರ್ಜಿಯನ್ನೇ ಕಂಡೆವೆಂದು ಬೆರಗಾಗುವುದು. ಸೊಗಸಾದ ಭ್ರಾಂತಿ. ಅದು 1839ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ದಗೇರನ ಛಾಯಾಚಿತ್ರದ ವಿಧಾನ ಲೋಕಕ್ಕೆ ತಿಳಿಯಿತು. ಭ್ರಾಂತಿಗೆ ಅದಕ್ಕಿಂತ ಸುಲಭವಾದ ದಾರಿ ಸಿಕ್ಕಿತೆನ್ನೋಣ.

ಸಾಮಾನು ಸಾಮಾನಾಗಿಯೇ ಉಳಿಯಬೇಕೆಂಬ ಈ ಮಾತನ್ನು ಜಪಾನಿನ ಒಂದು ಸಣ್ಣ ಊರು ನಿಯಮವನ್ನಾಗಿಯೇ ಮಾಡಿಕೊಂಡಿದೆ. ಇಜುಮೊ ಸೀಮೆಯ ಹಿರತ ಎಂಬಲ್ಲಿ 1793ರಲ್ಲಿ, ಊರ ದೇವರ ಉತ್ಸವಕ್ಕೆಂದು ಒಬ್ಬ ಭಕ್ತ ಚಹದ ಪಾತ್ರೆಗಳನ್ನಷ್ಟೇ ಜೋಡಿಸಿ ಭಾಗ್ಯದೇವತೆ ದೈಕೊಕುವಿನ ಮೂರ್ತಿಯೊಂದನ್ನು ಮಾಡಿದನಂತೆ. ಅಂದಿನಿಂದ ಅಲ್ಲಿ ಅದೊಂದು ಸಂಪ್ರದಾಯ. ಒಂದು ಮೂರ್ತಿಗೆ ಒಂದೇ ಜಾತಿಯ ಸಾಮಾನು: ಪಿಂಗಾಣಿಯಾದರೆ ಪಿಂಗಾಣಿಯೇ, ಪೂಜೆಯ ಪಾತ್ರೆಯಾದರೆ ಪೂಜೆಯ ಪಾತ್ರೆಯೇ, ಸೈಕಲ್ಲು ಬಂದ ಮೇಲೆ ಸೈಕಲ್ಲಿನ ಬಿಡಿಭಾಗಗಳು. ಯಾವುದನ್ನೂ ಒಡೆಯುವಂತಿಲ್ಲ, ಕೆಡಿಸುವಂತಿಲ್ಲ. ಹಬ್ಬ ಮುಗಿದ ಮೇಲೆ ಬಿಚ್ಚಿದರೆ ಬಟ್ಟಲು ಮತ್ತೆ ಬಟ್ಟಲು. ಶಿಲ್ಪಕ್ಕಾಗಿ ಕಲ್ಲನ್ನು ಕಡಿಯುವವನಿಗೂ ಇವನಿಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಇವನು ಸಾಲ ತಂದವನು. ಒಡವೆಯನ್ನು ಒಂದು ದಿನಕ್ಕೆ ಕಡ ಪಡೆದ ಮದುವೆಮನೆಯವರ ಹಾಗೆ ಎಚ್ಚರದಿಂದ ಇರುತ್ತಾನೆ.

ಮತ್ತೆ ಎದೊ ನಗರಕ್ಕೆ. ಆ ಎಂಟು ಚಿತ್ರಗಳಲ್ಲಿ ಇರುವವರು ಹೆಂಗಸರು. ಅವರ ಕಾಲದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ನಾಡಿನ ಸಾಮಂತರೆಲ್ಲ ತಮ್ಮ ಹೆಂಡತಿ ಮತ್ತು ಉತ್ತರಾಧಿಕಾರಿಯನ್ನು ಎದೊ ನಗರದಲ್ಲಿ ಬಿಟ್ಟಿರಬೇಕೆಂದು ಶೋಗನ್ನರ ಕಟ್ಟಳೆಯಿತ್ತು. ಹೇಳುವುದಕ್ಕೆ ವಾಸ, ನಿಜದಲ್ಲಿ ಒತ್ತೆ. ಇವರಲ್ಲಿ ಯಾರೂ ವೇಷ ಮರೆಸಿ ತಪ್ಪಿಸಿಕೊಳ್ಳದಂತೆ ಹೆದ್ದಾರಿಗಳಲ್ಲಿ ಕಾವಲುಕಟ್ಟೆಗಳು. ಹಕೊನೆ ಬೆಟ್ಟದ ಕಟ್ಟೆಯಲ್ಲಿ ಎದೊ ನಗರದಿಂದ ಹೊರಟ ಹೆಂಗಸರ ರಹದಾರಿಯನ್ನು ಓದಿ, ಅದರಲ್ಲಿ ಬರೆದ ಗುರುತುಗಳು ಇವೆಯೇ ಎಂದು ಕೂದಲನ್ನು ಬಿಚ್ಚಿ ನೋಡಲು ಬೇರೆ ಹೆಂಗಸರನ್ನೇ ನೇಮಿಸಿದ್ದರು. ಎದೊ ನಗರಕ್ಕೆ ಬರುವ ಬಂದೂಕು, ಎದೊ ನಗರದಿಂದ ಹೋಗುವ ಹೆಣ್ಣು—ಇವೆರಡರ ಮೇಲೆ ಕಣ್ಣು ಎಂಬುದು ಅಂದಿನ ಗಾದೆ. ಈ ಕಟ್ಟಳೆ ಸಾಮಂತರ ಹೆಂಡಿರಿಗಾಗಿ ಹುಟ್ಟಿದರೂ ಸಾಮಾನ್ಯ ಹೆಂಗಸರಿಗೂ ತಗಲಿತು. ಯಾತ್ರೆಯ ನೆಪದಲ್ಲಿ ಬಳಸುದಾರಿಗಳಿಂದ ಹೋಗಿಬಂದ ಧೈರ್ಯವಂತೆಯರೂ ಇದ್ದರು, ನಿಜ. ಆದರೆ ಬಿವ ಸರೋವರದ ಎಂಟು ನೋಟಗಳನ್ನು ಹೋಗಿ ನೋಡುವುದು ಎಲ್ಲರಿಗೂ ಆಗುವ ಮಾತಾಗಿರಲಿಲ್ಲ.

ಇದನ್ನು ತಿಳಿದ ಮೇಲೆ ‘ಪಡಸಾಲೆಯ ಎಂಟು ನೋಟಗಳು’ ಬರಿಯ ಚಮತ್ಕಾರವಾಗಿ ನನಗೆ ಕಾಣಿಸುವುದಿಲ್ಲ. ಆದರೂ ಅದನ್ನು ಆ ಹೆಂಗಸರ ಕಲೆಯೆಂದು ಕರೆಯಲೂ ಮನಸ್ಸು ಬರುವುದಿಲ್ಲ. ಆ ಚಿತ್ರಗಳನ್ನು ಬರೆಯಿಸಿದವನು ಕ್ಯೊಸೆನ್ ಎಂಬ ಕಾವ್ಯನಾಮದ ಒಬ್ಬ ಸಮುರಾಯಿ; ಮೊದಲ ಮುದ್ರಣ ಹೊರಬಂದದ್ದು ಅವನ ಹೆಸರಿನಲ್ಲಿ. ಕಾವ್ಯ ಓದಿಕೊಂಡ ಗಂಡಸರು ತಮ್ಮ ಕೂಟದಲ್ಲಿ ಹಂಚಿಕೊಂಡು, ಬಾತು ಎಲ್ಲಿ ಹಿಮ ಎಲ್ಲಿ ಎಂದು ಹುಡುಕಿ ನಲಿದರು. ಚಿತ್ರದೊಳಗಿನ ಹೆಣ್ಣು ತಲೆ ಬಾಚಿಸಿಕೊಳ್ಳುತ್ತಿದ್ದಾಳೆ. ತನ್ನ ಮುಂದಿರುವುದು ಚಂದ್ರನೆಂದು ಅವಳಿಗೆ ಯಾರೂ ಹೇಳಿಲ್ಲ. ಹರುನೊಬುವನ್ನು ಎಷ್ಟೇ ಮೆಚ್ಚಿದರೂ ಈ ಮುಳ್ಳು ಉಳಿದೇ ಉಳಿಯುತ್ತದೆ.

ಹೆಣ್ಣೇ ಈ ಆಟವನ್ನು ಆಡಿದ್ದು ಎಲ್ಲಿ ಎಂದು ಕೇಳಿದರೆ, ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮೈಸೂರು ಸೀಮೆಯಲ್ಲಿ ನವರಾತ್ರಿಯೆಂದರೆ ಬೊಂಬೆಹಬ್ಬ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿದರೆಂದು ಚರಿತ್ರೆಯ ಪುಸ್ತಕಗಳು ಬರೆಯುತ್ತವೆ. ಮೈಸೂರಿನ ಅರಮನೆಯಲ್ಲಿ ಬೊಂಬೆತೊಟ್ಟಿ ಎಂಬ ಭಾಗವೇ ಇದೆ. ಮನೆಗಳಲ್ಲಿ ಮೆಟ್ಟಿಲುಗಳ ಮೇಲೆ ಪಟ್ಟದ ಬೊಂಬೆಗಳು, ದಶಾವತಾರ, ಶೆಟ್ಟಿ ಮತ್ತು ಶೆಟ್ಟಿಗಿತ್ತಿ. ಇವನ್ನು ಕುರಿತು ಬರೆದವರು ಬೇಕಾದಷ್ಟು ಜನ. ಮೆಟ್ಟಿಲುಗಳ ಪಕ್ಕದಲ್ಲಿ ನೆಲದ ಮೇಲೆ ಇರುತ್ತಿದ್ದ ‘ಪಾರ್ಕ’ನ್ನು ಕುರಿತು ಬರೆದವರು ಕಡಿಮೆ. ಮೇಲಿನ ಬೊಂಬೆಗಳು ಕೊಂಡವು ಅಥವಾ ತವರಿನಿಂದ ಬಂದವು. ಕೆಳಗಿನ ಪಾರ್ಕು ಮಾತ್ರ ಮನೆಯವರ ಸ್ವಂತ ಸೃಷ್ಟಿ.

ನಮ್ಮ ಮನೆಯಲ್ಲಿ ಅದು ಅಜ್ಜಿಯ ಇಲಾಖೆ. ಮಹಾಲಯ ಅಮಾವಾಸ್ಯೆಗೆ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದರು; ಪಾಡ್ಯದ ಹೊತ್ತಿಗೆ ಗದ್ದೆ ಸಿದ್ಧ. ತಾತನ ಕ್ಷೌರದ ಕನ್ನಡಿ ಕೊಳ. ಅದರ ಅಂಚು ಕಾಣದಂತೆ ಸುತ್ತ ಮರಳು. ಮಣ್ಣುನೀರಿನಲ್ಲಿ ಅದ್ದಿದ ಗೋಣಿಚೀಲವನ್ನು ಹಳೆಯ ಡಬ್ಬಗಳ ಮೇಲೆ ಹೊದಿಸಿದರೆ ಬೆಟ್ಟ. ಬೆಂಕಿಪೊಟ್ಟಣಗಳ ಸಾಲು ರೈಲು. ಮರದ ಬಾಚಣಿಗೆ ಬೇಲಿ. ಬೋರಲು ಹಾಕಿದ ಪಾವು, ಅದರ ಮೇಲೆ ಚಟಾಕು—ಅದು ದೇವಸ್ಥಾನದ ಗೋಪುರ. ಒಂದು ವರ್ಷ ಬೆಟ್ಟದ ಪಕ್ಕದಲ್ಲಿ ಬಿಳಿಯ ಪಂಚೆಯೊಂದನ್ನು ಅಲೆ ಅಲೆಯಾಗಿ ಮಡಿಸಿಟ್ಟು, ಅದು ಸಮುದ್ರ ಎಂದರು. ಅಜ್ಜಿ ಸಮುದ್ರವನ್ನು ನೋಡಿದವರಲ್ಲ. ರಾಮೇಶ್ವರಕ್ಕೆ ಹೋಗುವ ಮಾತು ಮನೆಯಲ್ಲಿ ಎಷ್ಟೋ ಸಲ ಬಂದು, ಒಂದು ಸಲ ಬಾಣಂತನ, ಒಂದು ಸಲ ಕಾಯಿಲೆ, ಒಂದು ಸಲ ಹಣವಿಲ್ಲದೆ, ನಿಂತುಹೋಗಿತ್ತು. ಆರತಿಗೆ ಬಂದ ಹೆಂಗಸರು “ಇದೇನ್ರೀ ಪಂಚೆ?” ಎಂದರೆ, “ಪಂಚೆಯೇ. ಸ್ವಲ್ಪ ದೂರ ನಿಂತು ನೋಡಿ” ಎನ್ನುತ್ತಿದ್ದರು. ಮಿತತೆಯ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಿಮರ್ಶಕರನ್ನು ನಾನು ಇನ್ನೂ ಓದಿಲ್ಲ.

ಇಂಥ ಪಾರ್ಕುಗಳನ್ನು ಮಾಡಿದ ಸಾವಿರಾರು ಹೆಂಗಸರಲ್ಲಿ ಒಬ್ಬರ ಹೆಸರೂ ಯಾವ ಹೊದಿಕೆಯ ಮೇಲೂ ಅಚ್ಚಾಗಲಿಲ್ಲ. ಹತ್ತನೆಯ ದಿನ ಕೈಯಾರೆ ಬಿಚ್ಚುವ ಕಲೆಗೆ ದಾಖಲೆ ಎಲ್ಲಿಂದ ಬರಬೇಕು? ಹರುನೊಬುವಿನ ಹಾಳೆಗಳು ಇಂದು ಶಿಕಾಗೋದ ಕಲಾಮಂದಿರದಲ್ಲಿ ಭದ್ರವಾಗಿವೆ. ತನಕರ ಪ್ರತಿದಿನದ ಚಿತ್ರವೂ ಉಳಿಯುತ್ತದೆ. 2020ರಲ್ಲಿ ಲೋಕವೆಲ್ಲ ಮನೆಯೊಳಗೆ ಬಾಗಿಲು ಹಾಕಿಕೊಂಡು ಕುಳಿತಾಗಲೂ ಅವರ ದಿನಚರಿ ನಿಲ್ಲಲಿಲ್ಲ. ಗಂಡಸರು ಹೆಂಗಸರೆನ್ನದೆ ಎಲ್ಲರೂ ಹೊಸಲು ದಾಟಲಾರದೆ ಹೋದ ಆ ತಿಂಗಳುಗಳಲ್ಲಿ, ಮೇಜಿನ ಮೇಲಿನ ಸಾಮಾನಿನಲ್ಲೇ ಬೆಟ್ಟ ಕಡಲು ತೋರಿಸುವ ಮನುಷ್ಯ ನಮಗೆ ಇನ್ನಷ್ಟು ಬೇಕಾದವರಾಗಿ ಕಂಡಿದ್ದರೆ ಅದು ಸಹಜ.

ಈಗ ದಸರೆಯ ಸಮಯದಲ್ಲಿ ಅಂಗಡಿಗಳಲ್ಲಿ ಸಿದ್ಧಪಡಿಸಿದ ಪಾರ್ಕುಗಳೇ ಸಿಗುತ್ತವೆ. ಪ್ಲಾಸ್ಟಿಕ್ಕಿನ ಹುಲ್ಲು, ಪ್ಲಾಸ್ಟಿಕ್ಕಿನ ಮರ, ಗುಂಡಿ ಒತ್ತಿದರೆ ಚಿಮ್ಮುವ ಕಾರಂಜಿ. ಸೊಗಸಾಗಿಲ್ಲವೆಂದು ನಾನು ಹೇಳಲಾರೆ. ಮಕ್ಕಳು ಸುತ್ತುವರಿದು ನೋಡುತ್ತಾರೆ. ಕೆಲಸಕ್ಕೆ ಹೋಗಿಬರುವ ಹೆಣ್ಣುಮಕ್ಕಳಿಗೆ ರಾಗಿ ಚೆಲ್ಲಿ ನೀರು ಚಿಮುಕಿಸುತ್ತ ಕೂರು ಎಂದು ಉಪದೇಶಿಸಲು ನನಗೇನು ಅಧಿಕಾರ? ಆದರೆ ಪ್ಲಾಸ್ಟಿಕ್ಕಿನ ಮರ ಮರವೇ ಹೊರತು ಬೇರೇನೂ ಅಲ್ಲ. ಅಲ್ಲಿ ಕಣ್ಣಿಗೆ ಹೋಗಿ ಬರುವ ಕೆಲಸವಿಲ್ಲ. ಹಬ್ಬ ಮುಗಿದ ಮೇಲೆ ಅದು ಮತ್ತೆ ಪೆಟ್ಟಿಗೆಗೆ ಹೋಗುತ್ತದೆ, ಮುಂದಿನ ವರ್ಷವೂ ಅದೇ ಮರವಾಗಿ ಬರುತ್ತದೆ.

ನಮ್ಮ ಮನೆಯಲ್ಲಿ ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿ ಹಾಡು ಹೇಳಿದ ಮೇಲೆ ಪಾರ್ಕನ್ನು ಬಿಚ್ಚುತ್ತಿದ್ದರು. ರಾಗಿಯ ಪೈರು ಪಕ್ಕದ ಮನೆಯ ಹಸುವಿಗೆ. ಪಾವು ಅಕ್ಕಿಯ ಡಬ್ಬಕ್ಕೆ. ಬೆಂಕಿಪೊಟ್ಟಣ ಒಲೆಯ ಬಳಿಗೆ. ಸಮುದ್ರವನ್ನು ಒಗೆದು ಹಿತ್ತಲಿನ ಹಗ್ಗದ ಮೇಲೆ ಹರವುತ್ತಿದ್ದರು. ಮರುದಿನ ಬೆಳಿಗ್ಗೆ ತಾತ ಕೊಳವನ್ನು ಕಿಟಕಿಗೆ ಆನಿಸಿ ನಿಲ್ಲಿಸಿಕೊಂಡು, ಅದರ ಮೂಲೆಯಲ್ಲಿ ಅಂಟಿದ್ದ ಮರಳನ್ನು ಬೆರಳಿನಿಂದ ಒರೆಸಿ, ಗಡ್ಡಕ್ಕೆ ಸಾಬೂನು ಹಚ್ಚಿಕೊಳ್ಳುತ್ತಿದ್ದರು.